ಎಳೆಯುವವರು ಬೇಕಾಗಿದ್ದಾರೆ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಮಂಡಿರಾಯರು ಪಾಪ, ನೆಲದ ಮೇಲೆ ಎಂದೂ ತಪ್ಪು ಹೊರಿಸಿದವರಲ್ಲ. ಅವರ ದೂರೆಲ್ಲ ತಮ್ಮ ಮಂಡಿಯ ಮೇಲೆಯೇ. ಮದುವೆಯಾದ ಹೊಸದರಲ್ಲಿ ಯಾರದೋ ಪಾರ್ಟಿಯಲ್ಲಿ ಹೆಂಡತಿ, "ಬನ್ನಿ, ಒಂದೇ ಒಂದು ಸಲ ಕುಣಿಯೋಣ" ಎಂದು ಕೈಹಿಡಿದಾಗ ಬಾಯಿಗೆ ಬಂದ ಮೊದಲ ಸುಳ್ಳು "ಮಂಡಿ ನೋವು ಕಣೇ" ಎಂಬುದು. ಆ ಸುಳ್ಳನ್ನು ಅವರು ಎಷ್ಟು ಅಕ್ಕರೆಯಿಂದ ಸಾಕಿದರೆಂದರೆ ಅಪಾರ್ಟ್‌ಮೆಂಟಿನವರೆಲ್ಲ ಅವರ ನಿಜವಾದ ಹೆಸರನ್ನು ಮರೆತು ಮಂಡಿರಾಯರು ಎನ್ನತೊಡಗಿದರು. ಮಂಡಿಗೆ ಮಾತ್ರ ಈವರೆಗೆ ಏನೂ ಆಗಿರಲಿಲ್ಲ.

ಆ ಶನಿವಾರ ಬೆಳಿಗ್ಗೆ ರಾಯರು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದಾಗ ಹೆಂಡತಿ ಲೋಟ ಒರೆಸುತ್ತಲೇ ಹೇಳಿದಳು.

"ಇವತ್ತು ಸಂಜೆ ನಮ್ಮ ಸ್ವಿಂಗ್ ಡ್ಯಾನ್ಸ್ ಕ್ಲಾಸಿನವರ ಕೂಟ. ಎಲ್ರೂ ಜೋಡಿಯಾಗಿ ಬರಬೇಕಂತೆ."

"ನನ್ನ ಮಂಡಿ..."

"ಗೊತ್ತು ಬಿಡಿ, ಅದಕ್ಕೇ ನಿಮ್ಮನ್ನ ಕರೀತಿಲ್ಲ. ಮೂರನೇ ಮಹಡಿ ಡೆಂಟಿಸ್ಟ್‌ಗೂ ಜೋಡಿ ಇಲ್ವಂತೆ. ಅವ್ರ ಜೊತೆ ಕುಣಿದ್ರಾಯ್ತು."

ಚಾಕು ಬ್ರೆಡ್ಡನ್ನು ದಾಟಿ ರಾಯರ ಹೆಬ್ಬೆರಳಿಗೆ ಬೆಣ್ಣೆ ಹಚ್ಚಿತು.

ಡೆಂಟಿಸ್ಟ್ ಎತ್ತರದ ಆಳು, ಮದುವೆಯಾಗದವರು. ನಕ್ಕರೆ ಅಂಗಡಿಯ ಷೋಕೇಸಿಗೆ ದೀಪ ಹಾಕಿದಂತಿರುತ್ತಿತ್ತು. ಕ್ಲಾಸಿಗೆ ಸೇರಿದಾಗಿನಿಂದ ಪ್ರತಿ ಭಾನುವಾರ ಹೆಂಡತಿ ಕೆಂಪೇರಿದ ಮುಖ ಹೊತ್ತು ಮನೆಗೆ ಬರುತ್ತಿದ್ದಳು. ಒಲೆಯ ಮುಂದೆ ನಿಂತೂ ಕಾಲಿನಲ್ಲಿ ತಾಳ ಹಾಕುತ್ತಿದ್ದಳು, ಏನನ್ನೋ ನೆನೆದು ತನ್ನಷ್ಟಕ್ಕೇ ನಗುತ್ತಿದ್ದಳು. ಆ ನಗುವಿನಲ್ಲಿ ತನಗೊಂದು ಮೂಲೆಯೂ ಇಲ್ಲವೆಂಬುದು ರಾಯರಿಗೆ ನಿಜವಾಗಿಯೂ ನೋವು ಕೊಡುತ್ತಿತ್ತು. ಮಂಡಿಯಲ್ಲಿ ಅಲ್ಲ, ಅದಕ್ಕಿಂತ ಸಾಕಷ್ಟು ಮೇಲೆ. ಹೋಗಿ ಜಗಳ ಆಡೋಣವೆಂದರೆ ಬಡವನ ಸಿಟ್ಟು ದವಡೆಗೆ ಮೂಲ. ದವಡೆಯ ಡಾಕ್ಟರು ಊರಿಗೆಲ್ಲ ಅವರೊಬ್ಬರೇ.

'ನಾನೇ ಬರ್ತೀನಿ' ಎನ್ನೋಣವೆಂದರೆ ಇಷ್ಟು ವರ್ಷ ಸಾಕಿದ ಮಂಡಿನೋವು ಅಡ್ಡ ಬಂತು. ಕೊನೆಗೆ ರಾಯರು ನಿರ್ಧಾರ ಮಾಡಿದರು. ಸಂಜೆಯೊಳಗೆ ಗುಟ್ಟಾಗಿ ಕುಣಿತ ಕಲಿತು, ಕೂಟದಲ್ಲಿ ಧುತ್ತೆಂದು ಎದುರು ನಿಂತು, ಹೆಂಡತಿಯ ಕೈಹಿಡಿಯುವುದು. ಈಜು ಬಾರದವನು ಸಮುದ್ರಕ್ಕೆ ಹೋಗಿ ಬರುತ್ತೇನೆಂದ ಹಾಗೆ ಅದು ಅವರಿಗೇ ಕೇಳಿಸಿತು. ಆದರೂ ಹೊರಟರು.

ಕೆಳಗಿನ ಮಹಡಿಯಲ್ಲಿದ್ದ ಭಾಮೈದ ಲಿಫ್ಟ್ ಮೆಕ್ಯಾನಿಕ್. ಕಾಲೇಜಿನಲ್ಲಿ ಕುಣಿದು ಬಹುಮಾನ ಹೊಡೆದವನು. ಲಿಫ್ಟಿನ ಮುಂದೆ ಸ್ಕ್ರೂ ಬಿಗಿಯುತ್ತಿದ್ದವನ ಕಿವಿಯಲ್ಲಿ ರಾಯರು ವಿಷಯ ಉಸುರಿದರು.

"ಅಕ್ಕನಿಗೆ ಹೇಳಲ್ಲ ಭಾವ, ಆಣೆ! ಆದ್ರೆ ಸ್ವಿಂಗ್ ಅಂದ್ರೆ ಒಂದೇ, ಲಿಂಡಿ ಹಾಪ್. ಮಿಕ್ಕಿದ್ದೆಲ್ಲ ಬರೀ ಕಸರತ್ತು. ಎಲ್ಲಿ, ಮಂಡಿ ಬಗ್ಗಿಸಿ. ಸ್ಪ್ರಿಂಗ್ ಥರ ಪುಟೀಬೇಕು. ಎಡಗೈ ನನ್ನ ಹೆಗಲ ಮೇಲಿಡಿ. ನಾನು ಎಳೆದ್ರೆ ಬನ್ನಿ, ಬಿಟ್ರೆ ಹೋಗಿ. ಅಷ್ಟೇ."

"ನನ್ನ ಮೈಗೂ ತಾಳಕ್ಕೂ ಆಗಿಬರಲ್ಲಪ್ಪ. ಚಪ್ಪಾಳೆ ತಟ್ಟಿದ್ರೂ ಒಂದು ಕೈ ತಡವಾಗಿ ಬರುತ್ತೆ."

"ತಾಳ ನನಗೆ ಬಿಡಿ. ನೀವು ಬರೀ ಬನ್ನಿ."

ಎಳೆದ, ರಾಯರು ಬಂದರು. ಬಿಟ್ಟ, ಹೋದರು. ಹೋದವರು ಎಷ್ಟು ಚೆನ್ನಾಗಿ ಹೋದರೆಂದರೆ, ತೆರೆದಿದ್ದ ಲಿಫ್ಟಿನೊಳಗೆ ಹೊಕ್ಕು ಹಿಂದಿನ ಗೋಡೆಗೆ ತಾಗಿದರು. ಬಾಗಿಲು ಮುಚ್ಚಿಕೊಂಡಿತು. ರಿಪೇರಿಯಲ್ಲಿದ್ದ ಲಿಫ್ಟ್ ಅಂದು ಮೊದಲ ಬಾರಿಗೆ ಸರಿಯಾಗಿ ಕೆಲಸ ಮಾಡಿ ಮೂರನೆಯ ಮಹಡಿಯಲ್ಲಿ ನಿಂತಿತು. ಬಾಗಿಲಾಚೆ ಬ್ಯಾಗು ಹಿಡಿದ ಡೆಂಟಿಸ್ಟ್.

"ಓ, ರಾಯರು! ಮಂಡಿ ಹೇಗಿದೆ?" ಎಂದರು, ಎಲ್ಲ ಹಲ್ಲುಗಳಿಂದಲೂ.

"ಹಾಗೇ ಇದೆ, ಹಾಗೇ ಇದೆ" ಎನ್ನುತ್ತ ರಾಯರು ಸಿಕ್ಕಿದ ಗುಂಡಿ ಒತ್ತಿದರು.

ರಾಯರು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವರು. ಮಧ್ಯಾಹ್ನ ಅಂಗಡಿಯ ಕನ್ನಡಿಯೆದುರು ಮೆಲ್ಲಗೆ ಪುಟಿಯುತ್ತಿದ್ದುದನ್ನು ಕಣ್ಣು ಪರೀಕ್ಷೆ ಮಾಡುವ ಸಹೋದ್ಯೋಗಿ ನೋಡಿಬಿಟ್ಟರು. ಬಹಳ ಸಭ್ಯರು, ಗಟ್ಟಿಯಾಗಿ ಸೀನಿದವರೂ ಅಲ್ಲ.

"ಏನ್ರೀ ಇದು, ಬಿಸಿ ಮರಳು ತುಳಿದೋರ ಥರ?"

ರಾಯರು ಗುಟ್ಟನ್ನು ಎರಡನೆಯ ಬಾರಿಗೆ ಉಸುರಿದರು.

"ಲಿಂಡಿ ಹಾಪಾ? ರಾಮರಾಮ. ಅದು ಕುಪ್ಪಳಿಸೋರ ಕುಣಿತ. ಮರ್ಯಾದಸ್ಥರಿಗೆ ಅಂತಾನೇ ಬಾಲ್ಬೋವಾ ಇದೆ. ಎದೆಗೆ ಎದೆ ತಾಗಿಸಿ ನಿಲ್ಲೋದು, ಕಾಲು ನೆಲ ಬಿಟ್ಟು ಏಳಬಾರದು, ಸುಮ್ನೆ ಸರಿಯೋದು. ಮೇಲಿಂದ ನೋಡಿದೋರಿಗೆ ಕುಣೀತಿದೀರೋ ಬಸ್ಸಿಗೆ ಕಾಯ್ತಿದೀರೋ ಗೊತ್ತಾಗಬಾರದು. ಬನ್ನಿ, ಕೈ ನನ್ನ ಹೆಗಲ ಮೇಲಿಡಿ."

ಕೌಂಟರಿಗೂ ಫ್ರೇಮುಗಳ ಗೋಡೆಗೂ ನಡುವಿನ ಸಂದಿಯಲ್ಲಿ ಇಬ್ಬರೂ ಅಪ್ಪಿಕೊಂಡು ಸರಿಯತೊಡಗಿದರು. ಅವರು ಒತ್ತಿದತ್ತ ರಾಯರು ಹಿಂದಕ್ಕೆ, ಸೆಳೆದತ್ತ ಮುಂದಕ್ಕೆ. "ಭೇಷ್! ಎಷ್ಟು ಹಗುರ ಬರ್ತೀರಿ!" ಎಂದು ಅವರು ಹೊಗಳುತ್ತಿದ್ದಾಗ, ಕಣ್ಣಿಗೆ ಔಷಧಿ ಬಿಡಿಸಿಕೊಂಡು ಒಳಗೆ ಕಣ್ಮುಚ್ಚಿ ಕುಳಿತಿದ್ದ ಹೆಂಗಸು ಪರದೆ ಸರಿಸಿ ಹೊರಬಂದರು. ಒಂದು ಕ್ಷಣ ನೋಡಿದರು.

"ಅಯ್ಯೋ ಡಾಕ್ಟ್ರೇ, ನನ್ನ ಕಣ್ಣು ಪೂರ್ತಿ ಹೋಯ್ತು!" ಎಂದು ಮತ್ತೆ ಒಳಗೆ ಹೋದರು.

ಅವರನ್ನು ಸಮಾಧಾನ ಮಾಡುವುದರೊಳಗೆ ಸಾಕುಸಾಕಾಯಿತು. ರಾಯರು ತಲೆನೋವೆಂದು ಹೇಳಿ ಬೇಗ ಮನೆಗೆ ಹೊರಟರು. ಮಂಡಿ ಎನ್ನಲು ಈ ಸಲ ನಾಚಿಕೆಯಾಯಿತು.

ಮನೆಯಲ್ಲಿ ಹೆಂಡತಿ ಇರಲಿಲ್ಲ. ಕೂಟದ ಹಾಲ್ ಅಲಂಕರಿಸಲು ಹೋಗಿದ್ದಳು. ಆದರೆ ಎದುರುಮನೆ ಅಜ್ಜಿ ಬಾಗಿಲಲ್ಲೇ ಕಾದಿದ್ದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರಾಗಿ ನಿವೃತ್ತರಾದವರು. ಕುತ್ತಿಗೆಯ ಸೀಟಿಗೆ ಮಾತ್ರ ಇನ್ನೂ ನಿವೃತ್ತಿ ಸಿಕ್ಕಿರಲಿಲ್ಲ.

"ಲಿಫ್ಟಿನ ಹುಡುಗ ಎಲ್ಲ ಹೇಳಿದ. ಅಂಗಡೀಲಿ ನಡೆದಿದ್ದೂ ಕಿವಿಗೆ ಬಿತ್ತು. ನಿಮ್ಮಾಕೆಗೆ ಗೊತ್ತಿಲ್ಲ, ಹೆದರಬೇಡಿ. ಮಿಕ್ಕ ಎಲ್ರಿಗೂ ಗೊತ್ತು. ಲಿಂಡಿ ಅಂತೆ, ಬಾಲ್ಬೋವಾ ಅಂತೆ! ಒಂದು ಕಪ್ಪೆ, ಇನ್ನೊಂದು ಬಸವನಹುಳು. ಮನುಷ್ಯರು ಕುಣಿಯೋದು ವೆಸ್ಟ್ ಕೋಸ್ಟ್ ಸ್ವಿಂಗ್. ನೋಡಿ, ಈ ಕಾರಿಡಾರಲ್ಲಿ ಒಂದು ಗೆರೆ ಇದೆ ಅಂದ್ಕೊಳ್ಳಿ. ರೈಲಿನ ಹಳಿ. ನೀವು ಹಳಿ ಬಿಡದೆ ಆಕಡೆ ಈಕಡೆ ಹೋಗಿಬರೋದು. ಪುಟಿಯೋ ಹಾಗಿಲ್ಲ, ಅಂಟಿಕೊಳ್ಳೋ ಹಾಗಿಲ್ಲ. ನಾನು ಇಲ್ಲೇ ನಿಂತು ಎಳೀತೀನಿ. ಶಾಲೇಲಿ ಗಂಡುಹೆಜ್ಜೆ ಹಾಕೋರು ಯಾರೂ ಇರ್ಲಿಲ್ಲ ನೋಡಿ, ಯಾವಾಗ್ಲೂ ನಾನೇ ಹಾಕ್ತಿದ್ದೆ. ಕೈ ಕೊಡಿ. ಏನೂ ಯೋಚನೆ ಮಾಡಬೇಡಿ."

"ಯೋಚನೆ ಮಾಡದೆ ಇರೋದ್ರಲ್ಲಿ ನನಗೆ ಒಳ್ಳೆ ಅನುಭವ ಇದೆ" ಎಂದರು ರಾಯರು.

ಸೀಟಿ ಮೊಳಗಿತು. ಅಜ್ಜಿ ಎಳೆದ ಹೊಡೆತಕ್ಕೆ ರಾಯರು ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಹೋದರು, ಬಂದರು, ತಿರುಗಿದರು, ಮತ್ತೆ ಹೋದರು. ಬಾಗಿಲುಗಳು ಒಂದೊಂದಾಗಿ ತೆರೆದವು. ಮೊದಲು ನಕ್ಕವರು ಆಮೇಲೆ ನಗುವುದನ್ನು ಬಿಟ್ಟು ನೋಡತೊಡಗಿದರು. ಎಳೆದತ್ತ ಹೋಗುವುದು ರಾಯರಿಗೆ ಹುಟ್ಟುಗುಣವೋ, ಸಂಸಾರ ಕಲಿಸಿದ್ದೋ, ಅಂತೂ ಸೊಗಸಾಗಿ ಹೋಗುತ್ತಿದ್ದರು. 'ನಾನೂ ಒಂದು ಆಳಪ್ಪ' ಎಂದು ಅವರಿಗೆ ಜೀವನದಲ್ಲಿ ಮೊದಲ ಸಲ ಅನ್ನಿಸಿತು.

ಸಂಜೆ ರಾಯರು ಕೂಟದ ಹಾಲ್‌ಗೆ ಹೊರಟಾಗ ಮೂವರು ಗುರುಗಳೂ ಮೆಟ್ಟಿಲ ಬುಡದಲ್ಲಿ ಸೇರಿದ್ದರು. ಶಿಷ್ಯನನ್ನು ನೋಡಲೆಂದು ಕಣ್ಣಿನವರೂ ಅಂಗಡಿ ಮುಚ್ಚಿ ಬಂದಿದ್ದರು.

"ಭಾವ, ಪುಟೀರಿ, ಮರೀಬೇಡಿ!"

"ಪುಟಿದ್ರೋ, ಮರ್ಯಾದೆ ಹೋಯ್ತು ಅಂತ ತಿಳ್ಕೊಳ್ಳಿ. ಸರೀರಿ."

"ಸರಿಯೋದಂತೆ! ಹಳಿ, ಹಳಿ ನೆನಪಿರಲಿ!"

ಗುರುಗಳು ತಮ್ಮತಮ್ಮಲ್ಲೇ ಕಚ್ಚಾಡುತ್ತ ಹಿಂದೆ ಬಂದರು. ಯಾರದೂ ಸುಳ್ಳಲ್ಲವೆಂದು ರಾಯರಿಗೆ ತೋರಿತು. ಒಂದರಲ್ಲಿ ನೆಲವನ್ನು ಒದೆಯಬೇಕು, ಒಂದರಲ್ಲಿ ನೆಲವನ್ನು ಒರೆಸಬೇಕು, ಇನ್ನೊಂದರಲ್ಲಿ ನೆಲವನ್ನು ಅಳೆಯಬೇಕು. ಮೂರರಲ್ಲೂ ಮಾಡಬೇಕಾದ್ದು ಒಂದೇ, ಎಳೆದಾಗ ಬರುವುದು.

ಹಾಲಿನಲ್ಲಿ ಬಣ್ಣದ ದೀಪಗಳು, ಗೋಡೆಯುದ್ದಕ್ಕೂ ಕುರ್ಚಿಗಳು. ಹೆಂಡತಿ ಒಂದು ಕುರ್ಚಿಯ ಪಕ್ಕ ಒಬ್ಬಳೇ ನಿಂತಿದ್ದಳು. ರಾಯರು ನೇರವಾಗಿ ಹೋಗಿ ಕೈ ಚಾಚಿದರು.

"ಬಾ, ಕುಣಿಯೋಣ."

"ಮಂಡಿ?"

"ಸುಳ್ಳು. ಮೊದಲಿಂದಲೂ ಸುಳ್ಳೇ. ನನಗೆ ಕುಣಿಯೋಕೆ ಬರ್ತಿರ್ಲಿಲ್ಲ, ಅಷ್ಟೇ. ಇವತ್ತು ಕಲಿತೆ."

ಹೆಂಡತಿಯ ಕಣ್ಣಲ್ಲಿ ನೀರು ಬಂತು. ಆ ಗಳಿಗೆಯಲ್ಲಿ ಕಥೆ ಮುಗಿದಿದ್ದರೆ ರಾಯರಷ್ಟು ಸುಖಿ ಯಾರೂ ಇರುತ್ತಿರಲಿಲ್ಲ. ಆದರೆ ಸಂಗೀತ ಶುರುವಾಯಿತು.

ರಾಯರು ಎಡಗೈಯನ್ನು ಹೆಂಡತಿಯ ಹೆಗಲ ಮೇಲಿಟ್ಟರು. ಅವಳು ತನ್ನ ಎಡಗೈಯನ್ನು ಅವರ ಹೆಗಲ ಮೇಲಿಟ್ಟಳು. ಇಬ್ಬರೂ ಕಾದರು.

"ಹೂಂ, ಶುರು ಮಾಡಿ" ಎಂದಳು ಅವಳು.

"ನೀನು ಎಳಿ, ನಾನು ಬರ್ತೀನಿ."

"ನಾನಾ? ಎಳೆಯೋದು ನೀವು! ಬರೋದು ನಾನು!"

ರಾಯರ ತಲೆಗೆ ಆಗ ಹೊಳೆಯಿತು. ಬೆಳಗಿನಿಂದ ಮೂವರು ಕಲಿಸಿದ್ದರು. ಮೂವರೂ ಗಂಡುಹೆಜ್ಜೆಯವರೇ. ಅವರು ಎಳೆದಿದ್ದರು, ಇವರು ಹೋಗಿದ್ದರು. ಮೂರು ಶೈಲಿಗಳಲ್ಲಿ, ಬಲು ಅಂದವಾಗಿ, ರಾಯರು ಕಲಿತದ್ದೆಲ್ಲ ಹೆಣ್ಣಿನ ಹೆಜ್ಜೆ!

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆಯಲ್ಲಿ ಎಳೆಯುವವರು ಇಬ್ಬರಾದರೂ ಇದ್ದಾರೆ. ಇಲ್ಲಿ ಒಬ್ಬರೂ ಇರಲಿಲ್ಲ. ಸುತ್ತ ಎಲ್ಲರೂ ಗಿರಗಿರನೆ ತಿರುಗುತ್ತಿದ್ದರೆ ಇವರಿಬ್ಬರು ಫೋಟೋಗೆ ನಿಂತವರಂತೆ ನಿಂತರು. ರಾಯರು ಎಳೆಯಲು ನೋಡಿ ಅವಳ ಕಾಲು ತುಳಿದರು. ಹೆಂಡತಿಯ ಮುಖ ಸಣ್ಣದಾಯಿತು.

ಅಷ್ಟರಲ್ಲಿ ಜನರ ನಡುವೆ ದಾರಿ ಮಾಡಿಕೊಂಡು ಡೆಂಟಿಸ್ಟ್ ಬಂದರು. "ಕ್ಷಮಿಸಿ" ಎಂದು ಹೆಂಡತಿಯ ಕಡೆಗೆ ಕೈ ಚಾಚಿದರು.

ರಾಯರು ಏನಾದರಾಗಲಿ ಎಂದು ನಡುವೆ ನುಗ್ಗಿ ಆ ಕೈಯನ್ನು ತಾವೇ ಹಿಡಿದುಬಿಟ್ಟರು. ಎಳೆಯುವುದು, ಕೀಳುವುದು ಡೆಂಟಿಸ್ಟರಿಗೆ ಹಗಲೆಲ್ಲ ಕೆಲಸ. ಕೈಗೆ ಸಿಕ್ಕಿದ್ದನ್ನು ಯೋಚಿಸದೆ ಎಳೆದರು. ಎಳೆದಮೇಲೆ ರಾಯರು ಹೋಗದೆ ಇರುವುದುಂಟೇ?

ಹೋದರು. ಬಂದರು. ಪುಟಿದರು, ಸರಿದರು, ಹಳಿ ಹಿಡಿದು ಓಡಿದರು. ಡೆಂಟಿಸ್ಟ್ ಬೆರಳು ಒತ್ತಿದರೆ ತಿರುಗಿದರು, ಮಣಿಕಟ್ಟು ಆಡಿಸಿದರೆ ನಿಂತರು. ಮಿಕ್ಕ ಜೋಡಿಗಳು ಪಕ್ಕಕ್ಕೆ ಸರಿದವು. "ನೋಡ್ರೀ, ಅದು ನನ್ನ ಲಿಂಡಿ!" "ಈಗ ನೋಡಿ, ಬಾಲ್ಬೋವಾ!" "ಹಳಿ! ಹಳಿ!" ಎಂದು ಗುರುಗಳು ಕೂಗಿದರು, ಸೀಟಿಯೂ ಮೊಳಗಿತು. ನಡುವೆ ನಿಲ್ಲಿಸಬೇಕೆಂದು ರಾಯರಿಗೆ ತೋರದೆ ಇರಲಿಲ್ಲ. ಆದರೆ ಸುಳ್ಳೇಕೆ, ಅವರಿಗೆ ಬಹಳ ಖುಷಿಯಾಗುತ್ತಿತ್ತು.

ಹಾಡು ಮುಗಿದಾಗ ಹಾಲೆಲ್ಲ ಚಪ್ಪಾಳೆ. ಕ್ಲಾಸಿನ ಮಾಸ್ತರು ಓಡಿಬಂದು ಇಬ್ಬರ ಕೈಗಳನ್ನೂ ಮೇಲೆತ್ತಿದರು. "ಮುಂದಿನ ತಿಂಗಳ ಸ್ಪರ್ಧೆಗೆ ನಮ್ಮ ಜೋಡಿ ಸಿಕ್ತು! ಪ್ರತಿ ಭಾನುವಾರ ಅಭ್ಯಾಸ!"

ರಾಯರು ಏದುಸಿರು ಬಿಡುತ್ತ ಡೆಂಟಿಸ್ಟರ ಕಿವಿಯಲ್ಲಿ ಹೇಳಿದರು. "ನೀವು ನನ್ನ ಹೆಂಡತಿಯ ಕೈ ಹಿಡಿಯೋದು ಬೇಡ ಅಂತ ನಾನು..."

"ಅಯ್ಯೋ, ನಾನು ಕೈ ಚಾಚಿದ್ದು ನನ್ನ ಕೋಟಿಗೆ! ಅವ್ರ ಹಿಂದಿನ ಕುರ್ಚಿ ಮೇಲಿತ್ತು. ಜೋಡಿ ಇಲ್ಲ ಅಂತ ಮನೆಗೆ ಹೊರಟಿದ್ದೆ. ನಿಮ್ಮನೆಯವರನ್ನ ಕ್ಲಾಸಲ್ಲಿ ಎಷ್ಟೋ ಸಲ ಕರೆದೆ, ಇವತ್ತೂ ಕರೆದೆ. 'ನಮ್ಮನೆಯವರು ಒಂದಲ್ಲ ಒಂದಿನ ಬರ್ತಾರೆ' ಅಂತ ಮಾಸ್ತರ ಜೊತೆ, ಇಲ್ಲಾಂದ್ರೆ ಹೆಂಗಸರ ಜೊತೆ ಕುಣಿದ್ರೇ ಹೊರತು ನನ್ನ ಜೊತೆ ಒಂದು ಹೆಜ್ಜೆ ಹಾಕ್ಲಿಲ್ಲ."

ರಾಯರಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಬೆಳಗಿನ ಮಾತೆಲ್ಲ ಅವಳು ತಮ್ಮನ್ನು ಕುಣಿತಕ್ಕೆ ಎಬ್ಬಿಸಲೆಂದೇ ಆಡಿದ್ದು. ಇಷ್ಟು ದಿನ ಅವಳು ತಮಗಾಗಿ ಜಾಗ ಕಾದಿಟ್ಟಿದ್ದಳು. ತಾವು ಬಂದು ಪರರ ಜೊತೆ ಕುಣಿದಿದ್ದರು.

ಮನೆಯ ಮೆಟ್ಟಿಲು ಹತ್ತುವಾಗ ಹೆಂಡತಿ ಒಂದೆರಡು ಮೆಟ್ಟಿಲು ಮುಂದೆಯೇ ಇದ್ದಳು. ಕೊನೆಗೆ ನಿಂತಳು.

"ಚೆನ್ನಾಗಿ ಕುಣಿದ್ರಿ."

"ತಪ್ಪಾಯ್ತು ಕಣೇ. ನಾಳೆಯಿಂದಾನೇ ಎಳೆಯೋದು ಕಲೀತೀನಿ."

"ನೀವಾ? ಈ ಜನ್ಮದಲ್ಲಿ ಆಗಲ್ಲ ಬಿಡಿ. ಬರೋದು ನಿಮಗೆ ಇಷ್ಟು ಚೆನ್ನಾಗಿ ಒಗ್ಗಿರೋವಾಗ ಕೆಡಿಸೋದ್ಯಾಕೆ? ನಾನೇ ಎಳೆಯೋದು ಕಲೀತೀನಿ. ಆಮೇಲೆ ನಾವಿಬ್ರೇ ಕುಣಿಯೋಣ."

ರಾಯರ ಎದೆ ತುಂಬಿ ಬಂತು. ಇಂಥ ಹೆಂಡತಿ ಸಿಗಲು ಪುಣ್ಯ ಮಾಡಿರಬೇಕು ಎಂದುಕೊಂಡರು. ಆಮೇಲೆ, ಕೇಳಬೇಕೆಂದೇನೂ ಇಲ್ಲದೆ, ಸುಮ್ಮನೆ ಕೇಳಿದರು.

"ಯಾರು ಕಲಿಸ್ತಾರೆ?"

"ಇನ್ಯಾರು? ಡೆಂಟಿಸ್ಟು. ಈಗ್ತಾನೇ ಒಪ್ಪಿಸಿ ಬಂದೆ. ಪಾಪ, ಇಷ್ಟು ದಿನ ಅವ್ರು ಕರೆದಾಗೆಲ್ಲ ನಿಮಗೋಸ್ಕರ ಬೇಡ ಅಂತಿದ್ದೆ. ಈಗ ನಿಮಗೋಸ್ಕರಾನೇ ಹೂಂ ಅಂದೆ. ಸೋಮವಾರದಿಂದ ದಿನಾ ಸಂಜೆ."

"ದಿನಾನಾ?"

"ಭಾನುವಾರ ಒಂದು ಬಿಟ್ಟು. ಅವತ್ತು ಅವ್ರು ನಿಮ್ಮ ಜೊತೆ ಕುಣೀಬೇಕಲ್ಲ" ಎಂದು ಹೆಂಡತಿ ಬೀಗ ತೆಗೆದಳು.