ಪಂಚಮಿ ಗಾಳಿಗೆ ಹೊಂಟ ಕಿಲಾರಿ

ನಾನು ಸಾಲಿ ಕಲಿತದ್ದು ಐದನೇ ಇಯತ್ತೆ ತನಕ. ಸಿಟ್ಟಿನಾಗ ಮಾತ್ರ ಪದವೀಧರ. ಇಲ್ಲದಿದ್ದರೆ ಐವತ್ತು ದಾಟಿದ ಒಕ್ಕಲಿಗ ಮನುಷ್ಯ ಮನೆ ಮಾರು ಬಿಟ್ಟು ನೀರಿನ ಮೇಲೆ ಸಂಸಾರ ಹೂಡಲು ಹೊರಡುತ್ತಿದ್ದನೇ?

ಕಾರಹುಣ್ಣಿಮೆ ದಿನ ಶುರುವಾಯಿತು. ನನ್ನ ಹೆಂಡತಿ ಗುರುಬಸವ್ವ ಕಡುಬಿನ ಮೇಲೆ ಧಾರಾಳವಾಗಿ ತುಪ್ಪ ಸುರಿದಳು. (ಕೇಳಬಾರದ್ದನ್ನು ಕೇಳುವಾಗ ಆಕಿ ತುಪ್ಪ ಜಾಸ್ತಿ ಹಾಕತಾಳ.)

"ಈ ಸರ್ತಿ ಪಂಚಮಿಗೆ ಇಬ್ಬರೂ ಕೂಡಿ ನಮ್ಮ ತವರಿಗೆ ಹೋಗೂಣ್ರಿ."

ನಾನು ತುತ್ತು ಕೆಳಗಿಟ್ಟೆ. ಆಕೆಯ ತಮ್ಮ ಭರಮಪ್ಪ ಹೊಸ ಮನೆಯ ಗೃಹಪ್ರವೇಶದಲ್ಲಿ ನನ್ನನ್ನು, ಮನೆಯ ಹಿರಿ ಅಳಿಯನನ್ನು, ಎರಡನೇ ಪಂಗತಿಗೆ ಕೂಡ್ರಿಸಿದ್ದ. ಮೊದಲನೇ ಪಂಗತಿಯಲ್ಲಿ ಉಸುಕಿನ ಟ್ರ್ಯಾಕ್ಟರ್ ಡ್ರೈವರ್ ಕುಂತು ಮೀಸೆ ಒರೆಸಿಕೊಳ್ಳುತ್ತಿದ್ದ. ನನ್ನ ಎಲೆಗೆ ಹೋಳಿಗೆ ಬರುವಷ್ಟರಲ್ಲಿ ತುಪ್ಪ ಮುಗಿದಿತ್ತು. ಆ ಒಣ ಹೋಳಿಗೆಯ ಸಾಕ್ಷಿಯಾಗಿ ಅಂದೇ ಭೀಷಣ ಪ್ರತಿಜ್ಞೆ ಮಾಡಿದ್ದೆ.

"ನಿಮ್ಮೂರ ಮಣ್ಣ ತುಳಿಯೂದಿಲ್ಲ ಅಂದೇನಿ. ತುಳಿಯೂದಿಲ್ಲ."

"ನಿಮ್ಮ ಸಿಟ್ಟಿಗೆ ಈ ಮನಿ ಸಾಲೂದಿಲ್ಲ ಬಿಡ್ರಿ. ನೀವು ಸಮುದ್ರದ ಮ್ಯಾಲ ಇರೂ ಮಂದಿ."

"ಇರತೇನಿ," ಅಂದುಬಿಟ್ಟೆ.

ನಮ್ಮ ಸವದತ್ತಿ ಕಡೆ ಸಮುದ್ರ ಅಂದರೆ ಮಲಪ್ರಭೆಯ ಹಿನ್ನೀರು. ಡ್ಯಾಮ್ ಕಟ್ಟಿದಾಗ ನಮ್ಮ ಕರಿ ಹೊಲ ಅದರಡಿ ಹೋಯಿತು. ಅಪ್ಪ ದಂಡೆಯ ಮೇಲೆ ನಿಂತು ಬಹಳ ಹೊತ್ತು ನೋಡಿದ. ಆಮೇಲೆ, "ಹೊಲ ನೀರಾತು. ಇನ್ನ ನೀರs ಹೊಲ," ಅಂದು ದೋಣಿ ಮಾಡಿಸಿದ. ಮೆಣಸಿನಕಾಯಿ ಮಾರಲು ಗೋವಾಕ್ಕೆ ಹೋದಾಗ ಕಂಡಿದ್ದ ಹಾಯಿಯನ್ನೂ ಅದಕ್ಕೆ ಏರಿಸಿದ. ಮಾರಿದ ಕಿಲಾರಿ ತಳಿಯ ಎತ್ತಿನ ನೆನಪಿಗೆ ಅದನ್ನೂ 'ಕಿಲಾರಿ' ಎಂದು ಕರೆದ. ಮೂತಿಗೆ ಎತ್ತಿನ ಗಂಟೆ ಕಟ್ಟಿದ. ಕಾರಹುಣ್ಣಿಮೆಗೆ ಎಲ್ಲರೂ ಎತ್ತಿನ ಕೋಡಿಗೆ ಬಣ್ಣ ಹಚ್ಚಿದರೆ ನಮ್ಮಪ್ಪ ದೋಣಿಯ ಮೂತಿಗೆ ಹಚ್ಚುತ್ತಿದ್ದ. ಆಚೆ ದಂಡೆಯ ಊರಿನಿಂದ ನನ್ನ ಹೆಂಡತಿ ಸೊಸೆಯಾಗಿ ಬಂದದ್ದೂ ಅದರಲ್ಲೇ. ಅರಿಶಿಣದ ಕೈಯಿಂದ ಆಕೆ ದೋಣಿಯ ಅಂಚು ಗಟ್ಟಿಯಾಗಿ ಹಿಡಿದು ಕುಂತಿದ್ದಳು. ನನ್ನ ಕೈ ಹಿಡಿಯಬಹುದಿತ್ತು, ಹಿಡಿಯಲಿಲ್ಲ.

ಅಪ್ಪ ಹೋದ ಮೇಲೆ ಕಿಲಾರಿ ಹಿತ್ತಲಲ್ಲಿ ಬೋರಲು ಬಿತ್ತು. ಅದರ ಕೆಳಗೆ ಗುರುಬಸವ್ವ ಸಗಣಿಯ ಕುಳ್ಳು ಒಟ್ಟಿದ್ದಳು.

"ಕುಳ್ಳ ತಗಿ. ನನ್ನ ಮನಿ ಅದು."

"ಮಳಿಗಾಲದಾಗ ಕುಳ್ಳ ಎಲ್ಲಿ ಇಡ್ಲಿ?"

"ನನ್ನ ಹಾಸಿಗಿ ಖಾಲಿ ಆಗತೈತಲ್ಲ, ಅಲ್ಲಿ ಇಡು."

"ಕುಳ್ಳ ಗೊರಕಿ ಹೊಡಿಯೂದಿಲ್ಲ. ಛಲೋ ಆತು," ಅಂದು ಆಕೆ ತೆಗೆಯತೊಡಗಿದಳು.

ಆಷಾಢ ಪೂರ್ತಿ ಜೀರ್ಣೋದ್ಧಾರ ನಡೆಯಿತು. ಯರಗಟ್ಟಿಯಿಂದ ಡಾಂಬರು ತಂದೆ. ಒಣಗಿ ಬಾಯಿ ಬಿಟ್ಟ ಹಲಗೆಗಳ ಸಂದಿಗೆ ನಮ್ಮ ಮುಳುಗದೆ ಉಳಿದ ಹೊಲದ ಹತ್ತಿಯನ್ನೇ ತುರುಕಿ ಬಳಿದೆ. (ಅರ್ಧ ದೋಣಿಗೆ, ಅರ್ಧ ನನಗೆ ಹತ್ತಿತು. ಹೆಂಡತಿ ಸೀಮೆಎಣ್ಣೆ ಹಾಕಿ ತಿಕ್ಕುವಾಗ ದೋಣಿಯನ್ನಲ್ಲ, ನನ್ನನ್ನು ಬೈದಳು.) ಹಂದರದ ಗಳ ಹಾಯಿಕಂಬವಾಯಿತು. ರಾಶಿ ಮುಚ್ಚುವ ತಾಡಪತ್ರಿಯನ್ನು ಆಕೆಯೇ ಹಾಯಿಯಾಗಿ ಹೊಲಿದಳು. ಒಳಗೆ ಹೊರಸು, ಒಲೆ, ಕಂದೀಲು. ಇಂದ್ರಭವನ ಅಂದರೆ ಅದೇ.

ಆಕೆ ಇಷ್ಟು ಕೈಜೋಡಿಸುವುದು ಕಂಡು ನನಗೆ ಸಂಶಯ ಬರಬೇಕಿತ್ತು. ಪ್ರೀತಿ ಅಂದುಕೊಂಡೆ.

ಪಂಚಮಿಯ ಹಿಂದಿನ ದಿನ ಟ್ರ್ಯಾಕ್ಟರಿನಲ್ಲಿ ಕಿಲಾರಿಯನ್ನು ದಂಡೆಗೆ ಒಯ್ದೆವು. ಹೊರಸಿನ ಕೆಳಗೆ ಆಕೆ ದೊಡ್ಡ ಗಂಟೊಂದನ್ನು ತುರುಕಿದಳು.

"ಇದೇನ, ಇಷ್ಟ ಭಾರ?"

"ದೋಣಿ ಹಗುರಿದ್ರ ವಾಲತೈತಿ ಅಂತ ಮಾವಾರ ಹೇಳತಿದ್ರು. ಬಿಚ್ಚಬ್ಯಾಡ್ರಿ, ಹಂಗs ಇರ್ಲಿ."

"ಸರಿ. ಹುಟ್ಟ ವಾಪಸ್ ಒಯ್ಯಿ. ಹಾಯಿ ಇದ್ದಾಂವ ಹುಟ್ಟ ಹಾಕತಾನೇನು?"

ಆಕೆ ಕೂಡಲೇ ಹುಟ್ಟನ್ನು ಟ್ರ್ಯಾಕ್ಟರಿಗೆ ಎಸೆದಳು. "ನಾ ಬಸ್ಸಿಗೆ ತವರಿಗೆ ಹೊಕ್ಕೇನಿ. ನೀವು ಸಮುದ್ರದ ಮ್ಯಾಲ ಆರಾಮ ಇರ್ರಿ," ಅಂದು ಬರಿಗೈಯಲ್ಲಿ ನಡೆದಳು. ಗಂಡ ಜಲವಾಸಕ್ಕೆ ಹೊಂಟ ದುಃಖಕ್ಕೆ ಪಂಚಮಿ ಉಂಡಿ ಸಹ ಕಟ್ಟಿಕೊಂಡಿಲ್ಲವಲ್ಲ ಎಂದು ಮರುಗಿದೆ.

ಮರುದಿನ ಬೆಳಿಗ್ಗೆ ಹಾಯಿ ಬಿಚ್ಚಿದೆ. ಪಡುವಣ ಗಾಳಿ ಅದರ ಹೊಟ್ಟೆ ತುಂಬಿತು. ಗಂಟೆ ಢಣ್ ಅಂದಿತು. ಕಣ್ಣು ಮುಚ್ಚಿದೆ. ಅಪ್ಪ ಚುಕ್ಕಾಣಿಗೆ ಒರಗಿ, "ಹೋ, ಕಿಲಾರಿ" ಅಂದಂತಾಯಿತು. ತಂಬಾಕಿನ ವಾಸನೆಯೂ ಬಂತು. ನಾನೇ ಹಾಕಿಕೊಂಡದ್ದಿರಬಹುದು. ಕೆಳಗೆ ನಮ್ಮ ಹೊಲ, ಮೇಲೆ ನಾನು. ಇಲ್ಲೇ ಮುದುಕನಾಗುತ್ತೇನೆ ಅಂದುಕೊಂಡೆ.

ನೀರಿನ ನಡುವೆ ನಿಲ್ಲಬೇಕೆಂದು ಚುಕ್ಕಾಣಿ ತಿರುಗಿಸಿದೆ. ಕಿಲಾರಿ ಕೇಳಲಿಲ್ಲ. ಹಾಯಿ ಇಳಿಸಲು ಹೋದೆ. ಹಗ್ಗ ನನ್ನದೇ ಡಾಂಬರಿಗೆ ಅಂಟಿ ಕಲ್ಲಾಗಿತ್ತು. ಹತ್ತಿ ತುರುಕಿದ ಸಂದಿಯಿಂದ ನೀರು ಒಸರತೊಡಗಿತು. ಬೈದೆ. ನನಗೆ ಗೊತ್ತಿದ್ದ ಎಲ್ಲಾ ಬೈಗುಳ ಮುಗಿದರೂ ದೋಣಿ ಗಂಟೆ ಬಾರಿಸುತ್ತ ನೆಟ್ಟಗೆ ಆಚೆ ದಂಡೆಗೆ ನಡೆಯಿತು.

ದಂಡೆ ತುಂಬ ಮಂದಿ. ಎಲ್ಲರ ಮುಂದೆ ಗುರುಬಸವ್ವ.

"ಗಂಟಿ ಕೇಳಿದ ಕೂಡಲೇ ಗೊತ್ತಾತು," ಅಂದಳು. "ಪಂಚಮಿ ಬಂದಾಗೊಮ್ಮೆ ಮಾವಾರ ನನ್ನ ಕಳಸಾಕ ಬರತಿದ್ರು. ಹಾಯಿ ಏರಿಸಿ ಸುಮ್ಮ ಕುಂದ್ರಾವರು. 'ಈ ಗಾಳಿಗೆ ನಿನ್ನ ತವರ ಹಾದಿ ಬಿಟ್ರ ಬ್ಯಾರೆ ಗೊತ್ತಿಲ್ಲ ಯವ್ವಾ' ಅಂತಿದ್ರು. ತಿರುಗಿ ಹೋಗುವಾಗ ಪಾಪ, ಹುಟ್ಟ ಹಾಕಿ ಹಾಕಿ ರಟ್ಟಿ ನೋಯತಿದ್ದುವು."

"ಇಳೀರಿ ಮಾಮಾ," ಅಂತ ಭರಮಪ್ಪ ಮೊಳಕಾಲುದ್ದ ನೀರಿಗೆ ಬಂದ.

"ಇಳಿಯೂದಿಲ್ಲ."

"ನೀವು ಕೂಡ್ರಿ. ಅಕ್ಕನ ಗಂಟಷ್ಟ ಕೊಡ್ರಿ."

ಗಂಟು ಬಿಚ್ಚಿದರು. ಹೆಂಡತಿಯ ಇಳಕಲ್ ಸೀರೆ, ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಮತ್ತೆ ಬಾಯಿಗೆ ಅರಿವೆ ಕಟ್ಟಿದ ದೊಡ್ಡ ತುಪ್ಪದ ಗಡಿಗೆ. ಬಸ್ಸಿನಾಗ ಇದನ್ನೆಲ್ಲ ಯಾರು ಹೊರಬೇಕು ಅಂತ ಆಕಿ ನನ್ನ ದೋಣಿಗೆ ಹೇರಿದ್ದಳು.

ಅಷ್ಟರಲ್ಲಿ ಕಿಲಾರಿ ಮೆಲ್ಲಗೆ ತಳಕ್ಕೆ ಕುಂತಿತು. ನಾನು ಅವರೂರ ಮಣ್ಣು ತುಳಿಯಲಿಲ್ಲ. ಅವರೂರ ಮಣ್ಣೇ ಸಂದಿಯಿಂದ ಒಳಗೆ ಬಂದು ನನ್ನ ಕಾಲು ಹಿಡಿಯಿತು.

ಭರಮಪ್ಪನ ಹೊಸ ಮನೆಯಲ್ಲಿ ಮೊದಲನೇ ಪಂಗತಿಯ ಮೊದಲನೇ ಎಲೆ ನನ್ನದು. ಗುರುಬಸವ್ವ ಹೋಳಿಗೆ ಮುಳುಗುವಷ್ಟು ತುಪ್ಪ ಸುರಿದು ಸಣ್ಣಗೆ ಅಂದಳು, "ಈ ಸರ್ತಿ ಸಾಲತೈತಿ. ನೀವs ಹೊತ್ತ ತಂದೀರಿ."

ಗಾಳಿ ತಿರುಗುವುದು ಯಾವಾಗ ಎಂದು ಕೇಳಿದೆ. ಶ್ರಾವಣ ಮುಗಿಯಲಿ ಅಂದರು. ಬಸ್ಸಿಗೆ ಹೋಗಲು ನನ್ನ ಸಿಟ್ಟು ಬಿಡಲೊಲ್ಲದು, ಹೋಳಿಗೆಯೂ ಬಿಡಲೊಲ್ಲದು. ಹುಟ್ಟು ಹಾಕಿ ಹೋಗೋಣವೆಂದರೆ ಅದು ಅಲ್ಲಿ ನಮ್ಮ ಮನೆಯ ಅಂಗಳದಲ್ಲಿ ಅರಿವೆ ಒಣಹಾಕುವ ಹಗ್ಗಕ್ಕೆ ಆನಿಕೆಯಾಗಿ ನಿಂತಿದೆಯಂತೆ.