ಗೋಡೆ ಬಿಡದ ಕಾಗದ

"ಅಂಗಡಿಯ ಕಾಗದ ಇನ್ನು ಈ ಮನೆಯ ಹೊಸ್ತಿಲು ದಾಟಕೂಡದು!" ಎಂದು ನಾನು ಘೋಷಿಸಿದಾಗ ಹೆಂಡತಿ ಬಟ್ಟೆ ಮಡಚುತ್ತಿದ್ದಳು. ತಲೆಯನ್ನೂ ಎತ್ತಲಿಲ್ಲ.

ಮಗಳ ಶಾಲೆಯಲ್ಲಿ ಕರಕುಶಲ ಪ್ರದರ್ಶನ. ಕೈಯಿಂದ ಮಾಡಿದ ಕಾಗದದ ಮೇಲೆ ಚಿತ್ರ ಬರೆದು ತರಬೇಕಂತೆ. ಅಂಥ ಕಾಗದ ಅಂಗಡಿಯಲ್ಲೇ ಸಿಗುತ್ತಿತ್ತು. ಆದರೆ ನಮ್ಮ ವಂಶದಲ್ಲೇ ಮೊದಲು ಪದವಿ ಪಡೆದವನು ನಾನು. ಹಳ್ಳಿಯಲ್ಲಿ ಪೊಟ್ಟಣ ಕಟ್ಟಿದ ಕಾಗದವನ್ನೂ ಬಿಡಿಸಿ ಓದಿ ಬೆಳೆದವನು. ಕಾಗದಕ್ಕಾಗಿ ಕೈಚಾಚುವುದೇ!

ಗ್ರಂಥಾಲಯದ ಪುಸ್ತಕ ತಂದು ವ್ರತದಂತೆ ಓದಿದೆ. ಹತ್ತಿಬಟ್ಟೆ ನೆನೆಹಾಕಿ ಕುಟ್ಟಬೇಕು, ಆ ಗಂಜಿಯಂಥ ತಿರುಳನ್ನು ಜಾಲರಿಯಲ್ಲಿ ಎತ್ತಬೇಕು, ಹಾಳೆಯನ್ನು ನುಣುಪಾದ ಗೋಡೆಗೆ ಮೆತ್ತಿ ಒಣಗಿಸಬೇಕು. ನನ್ನ ಹಳೆಯ ಬನಿಯನ್‌ಗಳೆಲ್ಲ ಬಕೆಟ್ಟಿಗೆ ಬಿದ್ದು ಹುತಾತ್ಮವಾದವು. ಜಾಲರಿಗೆ ಕಿಟಕಿಯ ಸೊಳ್ಳೆಪರದೆ ಕಿತ್ತೆ.

"ಸೊಳ್ಳೆಗಳಿಗೆ ಬಾಗಿಲು ತೆಗೆದ್ರಾ?" ಅಂದಳು ಹೆಂಡತಿ.

"ಕಲೆಗೆ ತ್ಯಾಗ ಬೇಕು ಕಣೇ!"

"ರಕ್ತ ನನ್ನದು, ಕಲೆ ನಿಮ್ಮದು."

ಶಾಯಿ ಹರಡದಿರಲು ತಿರುಳಿಗೆ ಸ್ವಲ್ಪ ಅಂಟು ಬೆರೆಸಬೇಕೆಂದು ಪುಸ್ತಕ ಹೇಳಿತ್ತು. ಸ್ವಲ್ಪದಲ್ಲಿ ಪಾಸಾಗುವ ಜಾಯಮಾನ ನನ್ನದಲ್ಲ. ಮೈದಾ ಕುದಿಸಿ ಪಾತ್ರೆ ತುಂಬ ಸುರಿದೆ.

"ರೀ, ಗೋಡೆಗೆ ಪೋಸ್ಟರ್ ಅಂಟಿಸೋದು ಇದರಲ್ಲೇ ಅಲ್ವಾ?"

"ಪುಸ್ತಕ ಓದಿದ್ದು ನಾನೋ ನೀನೋ?"

ನಡುಮನೆಯ ಗೋಡೆಗೆ ಹಾಳೆಗಳನ್ನು ಸಾಲಾಗಿ ಮೆತ್ತಿದೆ. ಸಂಜೆಗೆ ಒಣಗಿ ಫಳಫಳ ಹೊಳೆದವು. ತುದಿ ಹಿಡಿದು ಎಳೆದೆ. ಬರಲಿಲ್ಲ. ಉಗುರು ಹಾಕಿದೆ, ಉಗುರು ಮುರಿಯಿತು. ದೋಸೆಕಾವಲಿಯ ಮೊಗಚೆಕೈ ತಂದೆ, ಅದು ಬಾಗಿತು!

ಮಗಳ ಕಣ್ಣು ತುಂಬಿತು. "ನಾಳೆ ಬೆಳಿಗ್ಗೆನೇ ಕೊಡ್ಬೇಕಪ್ಪ. ಗೋಡೆ ಹೊತ್ಕೊಂಡು ಹೋಗ್ಲಾ?"

"ಅಂಗಡಿ ಇನ್ನೂ ತೆಗೆದಿದೆ," ಎಂದಳು ಹೆಂಡತಿ.

"ಪ್ರಾಣ ಹೋದರೂ ಇಲ್ಲ!"

ಅಷ್ಟರಲ್ಲಿ ಗಲಾಟೆ ಕೇಳಿ ಮಹಡಿಯಿಂದ ಮನೆ ಮಾಲೀಕರು ಇಳಿದು ಬಂದರು. ಮೊನ್ನೆಯಷ್ಟೇ ಬಣ್ಣ ಹೊಡೆಸಿದ್ದ ಗೋಡೆಯನ್ನು ಕಂಡು ಅವರ ಮುಖವೇ ಬಣ್ಣಗೆಟ್ಟಿತು.

"ಏನ್ರೀ ಇದು ಗೋಡೆಗೆ? ಬ್ಯಾಂಡೇಜಾ?"

"ಕಾಗದ ಸಾರ್. ಅಪ್ಪಟ ಕೈಕೆಲಸ!"

"ಮೊದಲು ಕೀಳ್ರೀ ಅದನ್ನ!"

ನಾನು ಎದೆ ಸೆಟೆಸಿದೆ. "ತಾಕತ್ತಿದ್ದರೆ ನೀವೇ ಕಿತ್ತು ನೋಡಿ!"

ಮಾಲೀಕರು ಪಂಚೆ ಎತ್ತಿಕಟ್ಟಿ, ಕಾಲನ್ನು ಗೋಡೆಗೆ ಊರಿ, ಹಲ್ಲುಕಚ್ಚಿ ಎಳೆದರು. ದಡಾರ್! ಹಾಳೆ ಬಂತು. ಜೊತೆಗೆ ಬಣ್ಣ ಬಂತು, ಬಣ್ಣದ ಹಿಂದೆ ಗಾರೆ ಬಂತು, ಗಾರೆಯ ಹಿಂದೆ ಇಟ್ಟಿಗೆಗಳು ಹಲ್ಲುಕಿರಿದವು.

"ಅಯ್ಯೋ, ನನ್ನ ಗೋಡೆ!"

"ಕಿತ್ತವರು ನೀವು ಸಾರ್! ನನ್ನ ಕಾಗದಕ್ಕೆ ಒಂದು ಗೆರೆಯೂ ಬಿದ್ದಿಲ್ಲ, ನೋಡಿ!" ಎಂದು ಅದನ್ನು ಕಸಿದು ಮಗಳ ಕೈಗಿತ್ತೆ. ಹಿಂಬದಿಗೆ ಗಾರೆ ಹೊತ್ತು ಅದು ಚಪ್ಪಡಿಯಷ್ಟು ಭಾರವಾಗಿತ್ತು. ಮಗಳು ಅದರ ಮೇಲೆಯೇ ಚೆಂದದ ಕೋಳಿ ಬರೆದಳು. ಬೆಳಿಗ್ಗೆ ಅದನ್ನು ಶಾಲೆಗೆ ಹೊತ್ತವನು ನಾನೇ.

ಅಂದು ಸಂಜೆ ಮಾಲೀಕರು ಒಡೆದ ಗೋಡೆಯ ಮುಂದೆ ನಿಂತು ಗೊಣಗುತ್ತಿದ್ದಾಗ ಮಗಳು ಓಡಿ ಬಂದಳು. "ಅಪ್ಪಾ, ಮೊದಲ ಬಹುಮಾನ!"

ನಾನು ಹೆಂಡತಿ, ಮಾಲೀಕರು ಇಬ್ಬರ ಕಡೆಗೂ ವಿಜಯದ ನೋಟ ಬೀರಿದೆ. "ನೋಡಿದ್ರಾ ಕಾಗದದ ಮಹಿಮೆ?"

"ಕಾಗದಕ್ಕಲ್ಲಪ್ಪ. ಮಣ್ಣು-ಸಿಮೆಂಟಿನ ಕೆಲಸಕ್ಕೆ. ಹೆಡ್ ಮಿಸ್ಸಿಗೆ ತುಂಬಾ ಇಷ್ಟ ಆಯ್ತು. ಭಾನುವಾರ ಬಂದು ಶಾಲೆ ಕಾಂಪೌಂಡಿಗೆ ಗಾರೆ ಮಾಡ್ತಾರಾ ನಿಮ್ಮಪ್ಪ ಅಂತ ಕೇಳಿದ್ರು. ನಾನು ಹೂಂ ಅಂದುಬಿಟ್ಟೆ!"

ನಾನು ಬಾಯಿ ತೆರೆಯುವ ಮೊದಲೇ ಮಾಲೀಕರು ಗುಡುಗಿದರು:

"ಆಗಲ್ಲಮ್ಮ! ಮೊದಲು ನನ್ನ ಗೋಡೆ!"