ಕುಂಕುಮದ ಭರಣಿ ನೋಡುತ್ತಾ ಕೂತದ್ದು

ಸುಮ್ಮನೆ ಕೂತರೆ ಕೆಲವರು ಉಗುರು ಕಚ್ಚುತ್ತಾರೆ, ಕೆಲವರು ಕಾಲು ಕುಣಿಸುತ್ತಾರೆ. ನಾನು ಗೀಚುತ್ತೇನೆ. ಇದಕ್ಕೆ ಡೂಡಲ್ ಆರ್ಟ್ ಎಂಬ ಗೌರವದ ಹೆಸರಿದೆಯೆಂದು ಎಂ.ಎ. ಓದುವಾಗ ತಿಳಿಯಿತು. ಆದರೂ ಗೀಚಿದ್ದನ್ನು ಯಾರಿಗೂ ತೋರಿಸುವವಳಲ್ಲ. ಬಚ್ಚಲಲ್ಲಿ ಮಾತ್ರ ಹಾಡುವವರಿದ್ದಾರಲ್ಲ, ಹಾಗೆ. ರಾಮನಗರದ ಬಂಡೆಗಳನ್ನು ಎಷ್ಟೋ ಸಲ ಬಸ್ಸಿನಿಂದ ನೋಡಿದ್ದೇನೆ, ಕೈ ಮಿಸುಕಿಲ್ಲ. ಯಾರದೋ ಮನೆಯ ಹೂದಾನಿಯೋ ಬಾಗಿಲ ತೋರಣದ ಮಣಿಯೋ ಕಂಡರೆ ಬೆರಳು ತುರಿಸುತ್ತದೆ.

ಹೋದ ವರ್ಷ ಅಕ್ಕನ ಸಂಬಂಧದ ವಿಚಾರವಾಗಿ, ಹುಡುಗನ ಮನೆ ನೋಡಲು ಅಪ್ಪ, ಅಮ್ಮ, ನಾನು ಕನಕಪುರದಿಂದ ಚನ್ನಪಟ್ಟಣಕ್ಕೆ ಹೋದೆವು. ನಲ್ಲಿಯಲ್ಲಿ ನೀರು ಬರುತ್ತದೆಯೇ, ಅತ್ತೆಯಾಗುವವರು ನಗುತ್ತಾರೆಯೇ ಎಂದೆಲ್ಲ ಹೆಣ್ಣಿನ ಕಡೆಯವರು ನೋಡಿ ಬರುವ ಪದ್ಧತಿ. ಹುಡುಗಿ ಮಾತ್ರ ಹೋಗುವಂತಿಲ್ಲ. ಅಕ್ಕನಿಗೆ ಹುಡುಗ ತುಂಬಾ ಹಿಡಿಸಿದ್ದ. ಹೊರಡುವಾಗ, "ಏನಾದ್ರೂ ಕೆಡಿಸಿ ಬಂದ್ರೆ ನೋಡು! ನೀನು ಹೆಂಗೂ ಬಾಯಿ ಬಿಡಲ್ಲ, ಅದೇ ಧೈರ್ಯ," ಎಂದಳು.

ನಾನು ಬಾಯಿ ಬಿಡಲಿಲ್ಲ. ಆದರೆ ನನ್ನನ್ನು ಕೂರಿಸಿದ್ದು ಷೋಕೇಸಿನ ಎದುರು. ಪ್ಲಾಸ್ಟಿಕ್ ಕವರ್ ತೆಗೆಯದ ಗಡಿಯಾರ, ಮಣಿ ಪೋಣಿಸಿದ ಹಂಸ, ನಡುವೆ ಅರಗಿನ ಬಣ್ಣದ ಮರದ ಬೊಂಬೆಗಳು. ಹೆದ್ದಾರಿಯ ಅಂಗಡಿಗಳಲ್ಲಿ ಅಂಥವನ್ನು ರಾಶಿ ರಾಶಿಯಾಗಿ ಕಂಡು ನನ್ನ ಕಣ್ಣು ಮರಗಟ್ಟಿತ್ತು. ಅಷ್ಟರಲ್ಲಿ ಕಿಟಕಿಯ ಬಿಸಿಲು ಗಾಜು ದಾಟಿ ಒಂದು ಕುಂಕುಮದ ಭರಣಿಯ ಮೇಲೆ ಬಿತ್ತು. ಹಳದಿ ಎಲ್ಲಿ ಮುಗಿಯಿತು, ಕೆಂಪು ಎಲ್ಲಿ ಶುರುವಾಯಿತು ಎಂದು ಕಾಣದು. ಆ ಮರ ಬೊಂಬೆ ಕಡೆಯುವ ಚರಕಿಯಿಂದ ಇಳಿದು ಎಷ್ಟು ವರ್ಷವಾಗಿತ್ತೋ, ಬಣ್ಣದೊಳಗೆ ಇನ್ನೂ ತಿರುಗುತ್ತಲೇ ಇತ್ತು. ದೇವಸ್ಥಾನದಲ್ಲೂ ನಾನು ಅಷ್ಟು ಭಕ್ತಿಯಿಂದ ಕೂತವಳಲ್ಲ. ಕೈ ತಾನಾಗಿ ಚೀಲದಿಂದ ಪೆನ್ನನ್ನೂ ಯಾರದೋ ಲಗ್ನಪತ್ರಿಕೆಯ ಹಳೇ ಲಕೋಟೆಯನ್ನೂ ತೆಗೆಯಿತು.

ಸುತ್ತ ಮಾತು ನಿಂತದ್ದು ತಿಳಿಯಲಿಲ್ಲ.

"ಏನವ್ವಾ, ಆಗ್ಲಿಂದ ನಮ್ಮನೆ ನೋಡ್ಕೊಂಡ್ ನೋಡ್ಕೊಂಡ್ ಬರ್ಕೊತಾ ಇದ್ದೀಯ?" ಹುಡುಗನ ಅಜ್ಜಿ ಕೇಳಿದರು. "ಏನ್ ಐಬು ಐತೆ ಹೇಳ್ಬುಡು."

ಹುಡುಗನ ತಾಯಿ ಕಾಫಿ ತಟ್ಟೆ ಹಿಡಿದು ನಿಂತಲ್ಲೇ ಬೆವರಿದರು. "ಆ ಗೋಡೆ ಬಿರುಕಾ? ಒಸಿ ಸಿಮೆಂಟ್ ಮೆತ್ತುಸ್ಬುಟ್ರೆ ಆಯ್ತದೆ."

ನಾನು ಬಿರುಕನ್ನು ನೋಡೇ ಇರಲಿಲ್ಲ. ಈಗ ಅಪ್ಪ ನೋಡಿದರು. ಅಮ್ಮ ನನ್ನನ್ನು ನೋಡಿದಳು. ಅಕ್ಕನ ಮದುವೆಯೋ, ನನ್ನ ಗುಟ್ಟೋ, ಎರಡರಲ್ಲಿ ಒಂದು ಉಳಿಯುವಂತಿತ್ತು. ಲಕೋಟೆಯನ್ನು ಅಜ್ಜಿಯ ಕೈಗೆ ಕೊಟ್ಟು ಕಣ್ಣು ಮುಚ್ಚಿಕೊಂಡೆ.

"ಅಯ್ಯೋ, ನಮ್ ಭರಣಿ ಕಣೇ ಇದು!" ಅಜ್ಜಿ ಸೊಸೆಗೆ ತೋರಿಸಿದರು. "ಅದ್ಯಾಕವ್ವಾ ಇಂಗೆ ಸುತ್ಕೊಂಡ್ ಸುತ್ಕೊಂಡ್ ಹೋಗೈತೆ? ನೋಡಿದ್ರೆ ತಲೆ ತಿರುಗ್ತದೆ. ನಿಮ್ಮಕ್ಕನೂ ಇಂಗೇ ಮೂಗಬಸಪ್ಪನಾ?"

"ಇಲ್ಲ, ಅವಳು ಮಾತು ನಿಲ್ಲಿಸೋದೇ ಇಲ್ಲ," ಎಂದುಬಿಟ್ಟೆ. ಆ ಮನೆಯಲ್ಲಿ ನಾನಾಡಿದ ಮೊದಲ ಮಾತು. ಎಲ್ಲರೂ ನಕ್ಕರು. ಅತ್ತೆಯಾಗುವವರೂ ನಕ್ಕರು, ಅಮ್ಮ ಅದನ್ನು ಗಮನಿಸಿಕೊಂಡಳು.

ಸಂಬಂಧ ಕುದುರಿತು. ಲಕೋಟೆ ಮಾತ್ರ ವಾಪಸು ಬರಲಿಲ್ಲ. ಅದಕ್ಕೆ ಫ್ರೇಮು ಹಾಕಿಸಿ, ಹಂಸದ ಪಕ್ಕ ನಿಲ್ಲಿಸಿ, ಬಂದವರಿಗೆಲ್ಲ ಅಜ್ಜಿ ತೋರಿಸುತ್ತಾರೆ. ಫ್ರೇಮು ಹಾಕಿದವನು ಚಿತ್ರವನ್ನು ತಲೆಕೆಳಗು ಮಾಡಿದ್ದಾನೆ. ಹೇಳೋಣವೆಂದು ಪ್ರತಿ ಸಲವೂ ಹೋಗುತ್ತೇನೆ, ಬಾಯಿ ಬರುವುದಿಲ್ಲ. ಮೊನ್ನೆ ಮತ್ತೆ ಅದರ ಎದುರೇ ಕೂರಿಸಿದಾಗ ಚೆನ್ನಾಗಿ ದಿಟ್ಟಿಸಿದೆ. ನಾನು ಬರೆದದ್ದಕ್ಕಿಂತ ಹಾಗೇ ಚೆನ್ನಾಗಿದೆ.